ಕಿಡ್ನಿ ರಿಪೋರ್ಟ್ ಓದುವ ಬಗೆ: ಮೂತ್ರದ ಡಬ್ಬಿಯಿಂದ ಇ-ಜಿಎಫ್‌ಆರ್ ತನಕ

30 ವರ್ಷದ ಗಂಡಸಿನ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸ ಡೆಸಿಲೀಟರಿಗೆ 1.2 ಮಿ.ಗ್ರಾಂ ಇದ್ದರೆ ಅವರ ಕಿಡ್ನಿಗಳು ನಿಮಿಷಕ್ಕೆ ಸುಮಾರು 83 ಮಿ.ಲೀ. ಸೋಸುತ್ತಿವೆ ಎಂದು ಲೆಕ್ಕ. ಅದೇ 1.2 ಒಬ್ಬ 65 ವರ್ಷದ ಹೆಂಗಸಿನ ರಿಪೋರ್ಟಿನಲ್ಲಿ ಬಂದರೆ ಲೆಕ್ಕ 50ಕ್ಕೆ ಇಳಿಯುತ್ತದೆ. ಮೊದಲನೆಯವರು ರಿಪೋರ್ಟ್ ಮಡಚಿಟ್ಟು ಕೆಲಸಕ್ಕೆ ಹೋಗಬಹುದು. ಎರಡನೆಯವರು ಮಂಡಿನೋವಿಗೆ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳಬೇಕು. ಆದರೆ ಕೆಲವು ಲ್ಯಾಬುಗಳು ಗಂಡು, ಹೆಣ್ಣು, ವಯಸ್ಸು ಯಾವುದನ್ನೂ ನೋಡದೆ ಎಲ್ಲರಿಗೂ 0.6ರಿಂದ 1.3 ಎಂಬ ಒಂದೇ ಮಿತಿ ಅಚ್ಚು ಹಾಕುತ್ತವೆ. ಇಬ್ಬರದೂ ‘ನಾರ್ಮಲ್’.

ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಡುವ ತನಕ ನೋವು, ಊತ, ಸುಸ್ತು ಏನೂ ಇರದೇ ಹೋಗಬಹುದು. ಹಾಗಾಗಿ ರಿಪೋರ್ಟನ್ನು ಸರಿಯಾಗಿ ಓದುವುದೊಂದೇ ದಾರಿ. ಅದಕ್ಕೂ ಮೊದಲು ಮಾದರಿಯನ್ನು ಸರಿಯಾಗಿ ಕೊಡಬೇಕು.

ರಿಪೋರ್ಟಿನ ಸಾಲುಗಳು ಹುಟ್ಟುವ ಜಾಗ

ಬೆನ್ನಿನ ಕಡೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಎರಡು ಮೂತ್ರಪಿಂಡಗಳಿವೆ. ಒಂದೊಂದೂ 10ರಿಂದ 12 ಸೆಂ.ಮೀ. ಉದ್ದ, ಸುಮಾರು 150 ಗ್ರಾಂ ತೂಕ. ಮೇಲೆ ಯಕೃತ್ತು ಕೂತಿರುವುದರಿಂದ ಬಲಗಡೆಯದು ತುಸು ಕೆಳಗಿರುತ್ತದೆ. ಗಾತ್ರ ಇಷ್ಟೇ ಆದರೂ ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು ರಕ್ತ ಇವೆರಡರ ಮೂಲಕ ಹರಿಯುತ್ತದೆ.

ಪ್ರತಿ ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ ನೆಫ್ರಾನ್‌ಗಳಿವೆ. ನೆಫ್ರಾನ್ ಎಂದರೆ ಒಂದು ಸೋಸುಗೊಂಚಲು ಮತ್ತು ಅದಕ್ಕೆ ಅಂಟಿದ ಉದ್ದನೆಯ ಕೊಳವೆ. ಗೊಂಚಲಿನ ಹೆಸರು ಗ್ಲೊಮೆರ್ಯುಲಸ್. ಅದು ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆ. ಒಳಗೆ ಬರುವ ನಾಳ, ಹೊರಗೆ ಹೋಗುವ ನಾಳ ಎರಡೂ ಬೇಕಾದಾಗ ಹಿಗ್ಗಿ ಕುಗ್ಗಿ ಉಂಡೆಯೊಳಗಿನ ಒತ್ತಡವನ್ನು ಹದದಲ್ಲಿಡುತ್ತವೆ. ಈ ಎರಡು ನಾಳಗಳನ್ನು ನೆನಪಿಟ್ಟುಕೊಳ್ಳಿ, ನೋವಿನ ಮಾತ್ರೆಯ ವಿಷಯಕ್ಕೆ ಬಂದಾಗ ಬೇಕಾಗುತ್ತವೆ.

ಈ ಒತ್ತಡಕ್ಕೆ ರಕ್ತದ ನೀರು, ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಎಲ್ಲವೂ ಗೊಂಚಲಿನಿಂದ ಕೊಳವೆಗೆ ಸೋರುತ್ತವೆ. ರಕ್ತಕಣಗಳು ಮತ್ತು ಅಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್‌ಗಳು ಮಾತ್ರ ಒಳಗೇ ಉಳಿಯಬೇಕು. ದಿನಕ್ಕೆ ಸೋರುವುದು ಸುಮಾರು 180 ಲೀಟರ್, ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರ್. ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಸುರಿದು, ಬೇಕಾದ್ದನ್ನು ಆರಿಸಿ ಒಳಗಿಟ್ಟು, ಬೇಡದ್ದನ್ನು ಅಲ್ಲೇ ಬಿಟ್ಟ ಹಾಗೆ. ಕೊಳವೆಯ ಮೊದಲ ತಿರುವಿನಲ್ಲೇ ಮೂರನೇ ಎರಡು ಭಾಗ ಉಪ್ಪು ನೀರು ರಕ್ತಕ್ಕೆ ವಾಪಸಾಗುತ್ತದೆ, ಸಕ್ಕರೆ ಪೂರ್ತಿ ವಾಪಸಾಗುತ್ತದೆ. ಮುಂದಿನ ಭಾಗಗಳಲ್ಲಿ ಹಾರ್ಮೋನುಗಳ ಅಪ್ಪಣೆಯಂತೆ ನೀರು, ಸೋಡಿಯಂ, ಪೊಟ್ಯಾಸಿಯಂ, ಆಮ್ಲ ಇವುಗಳ ಸಣ್ಣ ಹೊಂದಾಣಿಕೆ ನಡೆಯುತ್ತದೆ.

ರಿಪೋರ್ಟಿನ ಅರ್ಧ ಇಲ್ಲೇ ಬಿಡಿಸಿಕೊಳ್ಳುತ್ತದೆ. ಮೂತ್ರದಲ್ಲಿ ಅಲ್ಬುಮಿನ್ ಕಂಡರೆ ಗೊಂಚಲಿನ ಜರಡಿ ಹರಿಯುತ್ತಿದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಸೋಸುವ ಪ್ರಮಾಣ ತಗ್ಗಿದೆ. ಇವೆರಡೂ ಬೇರೆ ಬೇರೆ ಕೇಡು, ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲನೆಯದು ವರ್ಷಗಟ್ಟಲೆ ಮುಂಚೆ ಬರುತ್ತದೆ. ಇದಲ್ಲದೆ ಕಿಡ್ನಿ ರಕ್ತ ಹುಟ್ಟಿಸಲು ಬೇಕಾದ ಎರಿಥ್ರೋಪೊಯೆಟಿನ್ ತಯಾರಿಸುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ, ರೆನಿನ್ ಮೂಲಕ ಬಿಪಿ ನಿಭಾಯಿಸುತ್ತದೆ. ಹಿಮೋಗ್ಲೋಬಿನ್ ಕಾರಣವಿಲ್ಲದೆ 9ಕ್ಕೆ ಇಳಿದವರಿಗೆ ವೈದ್ಯರು ಕ್ರಿಯಾಟಿನಿನ್ ಬರೆದುಕೊಡುವುದು ಇದಕ್ಕೇ.

ಯಾವ ಪರೀಕ್ಷೆ ಕೇಳಬೇಕು

ಮೂರು ಸಾಕು: ಯೂರಿನ್ ರೊಟೀನ್, ಯೂರಿನ್ ಎಸಿಆರ್ (ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ), ಇ-ಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು) ಸಮೇತ ಸೀರಂ ಕ್ರಿಯಾಟಿನಿನ್, ಅಂದರೆ ರಕ್ತದ ಕ್ರಿಯಾಟಿನಿನ್. ‘ಕಿಡ್ನಿ ಪ್ರೊಫೈಲ್’, ‘ಆರ್‌ಎಫ್‌ಟಿ’ ಎಂದು ಮಾರುವ ಪ್ಯಾಕೇಜುಗಳಲ್ಲಿ ಯೂರಿಯಾ, ಯೂರಿಕ್ ಆಸಿಡ್, ಸೋಡಿಯಂ ಎಲ್ಲ ಇರುತ್ತವೆ, ಎಸಿಆರ್ ಮಾತ್ರ ಬಹಳ ಸಲ ಇರುವುದಿಲ್ಲ. ಅದನ್ನು ಹೆಸರು ಹೇಳಿಯೇ ಬರೆಸಬೇಕು. ಶುಗರ್ ಇದ್ದವರು, ಬಿಪಿ ಇದ್ದವರು ಈ ಮೂರನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು. ಟೈಪ್ 2 ಸಕ್ಕರೆ ಕಾಯಿಲೆಯವರು ರೋಗ ಗೊತ್ತಾದ ದಿನದಿಂದಲೇ ಶುರು ಮಾಡಬೇಕು, ಯಾಕೆಂದರೆ ಅದು ಎಷ್ಟು ವರ್ಷ ಸದ್ದಿಲ್ಲದೆ ಮೈಯಲ್ಲಿತ್ತೋ ಹೇಳಲಾಗದು.

ಮಾದರಿ ಹಿಡಿಯುವುದು

ಎಷ್ಟೋ ‘ಇನ್ಫೆಕ್ಷನ್’ಗಳು ಹುಟ್ಟುವುದು ಶೌಚಾಲಯದಲ್ಲಿ ಡಬ್ಬಿ ಹಿಡಿದ ರೀತಿಯಿಂದ. ಕ್ರಮ ಹೀಗಿರಲಿ:

1. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತು ಗಟ್ಟಿಯಾಗಿರುತ್ತದೆ.
2. ಲ್ಯಾಬಿನವರೇ ಕೊಟ್ಟ ಡಬ್ಬಿ ಬಳಸಿ. ಔಷಧದ ಹಳೆಯ ಸೀಸೆ, ಜಾಮ್ ಬಾಟಲಿ ಬೇಡ. ಸಕ್ಕರೆ, ಸೋಪಿನ ಪಸೆ ಉಳಿದಿದ್ದರೆ ಫಲಿತಾಂಶ ಕೆಡುತ್ತದೆ.
3. ಕೈ ತೊಳೆದು, ಜಾಗವನ್ನು ಬರೀ ನೀರಿನಿಂದ ತೊಳೆದು ಒರೆಸಿಕೊಳ್ಳಿ. ಹೆಂಗಸರು ಮುಂದಿನಿಂದ ಹಿಂದಕ್ಕೆ ಒರೆಸಿ ತುಟಿಗಳನ್ನು ಬಿಡಿಸಿ ಹಿಡಿಯಬೇಕು. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಬೇಕು. ಡೆಟಾಲ್ ಹಾಕಬೇಡಿ, ಕಲ್ಚರ್‌ನಲ್ಲಿ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬೆಳೆಯಬೇಕಾದ ಬ್ಯಾಕ್ಟೀರಿಯಾ ಸಾಯಬಹುದು.
4. ಮೊದಲ ಧಾರೆಯನ್ನು ಬಿಟ್ಟುಬಿಡಿ. ನಡುವಿನ ಧಾರೆಯಲ್ಲಿ ಡಬ್ಬಿ ಹಿಡಿದು 20ರಿಂದ 30 ಮಿ.ಲೀ. ತುಂಬಿಸಿ. ಉಳಿದದ್ದು ಹೊರಗೆ ಹೋಗಲಿ.
5. ಮುಚ್ಚಳದ ಒಳಬದಿ ಮುಟ್ಟಬೇಡಿ. ಡಬ್ಬಿಯ ಮೈಮೇಲೆ ಹೆಸರು, ಹೊತ್ತು ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದಾಗ ಹೆಸರೂ ಬದಲಾಗುತ್ತದೆ.
6. ಒಂದು ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ.

ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಮೂರು ಗಂಟೆ ಕಳೆದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹಲವು ಪಟ್ಟು ಆಗಿರುತ್ತವೆ, ಅವು ಸಕ್ಕರೆಯನ್ನು ತಿಂದಿರುತ್ತವೆ, ಪಿಎಚ್ ಏರಿರುತ್ತದೆ, ರಕ್ತಕಣಗಳು ಒಡೆದಿರುತ್ತವೆ. ರಿಪೋರ್ಟ್ ನಿಮ್ಮ ಹೆಸರಲ್ಲೇ ಬರುತ್ತದೆ, ಆದರೆ ಅದು ಡಿಕ್ಕಿಯ ರಿಪೋರ್ಟ್.

ಮುಟ್ಟಿನ ದಿನಗಳಲ್ಲಿ ಕೊಡಬೇಡಿ. ಜ್ವರ ಇದ್ದಾಗ, ಹಿಂದಿನ ದಿನ ಮೈಮುರಿಯುವ ವ್ಯಾಯಾಮ ಮಾಡಿದ್ದಾಗ ಪ್ರೋಟೀನ್ ತಾತ್ಕಾಲಿಕವಾಗಿ ಕಾಣಬಹುದು. ಕಲ್ಚರ್ ಬರೆದುಕೊಟ್ಟಿದ್ದರೆ ಆಂಟಿಬಯಾಟಿಕ್‌ನ ಮೊದಲ ಮಾತ್ರೆಗೂ ಮುಂಚೆ ಮಾದರಿ ಕೊಡಬೇಕು. ಒಂದು ಮಾತ್ರೆ ನುಂಗಿ ಬಂದರೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು, ಆಮೇಲೆ ಯಾವ ಔಷಧ ಹಿಡಿಯುತ್ತದೆ ಎಂಬುದು ಬರೀ ಊಹೆ.

ಯೂರಿನ್ ರೊಟೀನ್: ಎಡವುವ ಸಾಲುಗಳು

ಬಣ್ಣಕ್ಕೆ ಗಾಬರಿಯಾಗುವ ಮೊದಲು ಏನು ತಿಂದಿರಿ ನೋಡಿ. ಬೀಟ್‌ರೂಟ್ ಪಲ್ಯ ಕೆಂಪು ಮಾಡುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕಿತ್ತಳೆ ಬಣ್ಣ ಮಾಡುತ್ತದೆ, ಬಿ ಕಾಂಪ್ಲೆಕ್ಸ್ ಮಾತ್ರೆ ಹಳದಿ ಮಾಡುತ್ತದೆ.

ಸ್ಪೆಸಿಫಿಕ್ ಗ್ರಾವಿಟಿ 1.005ರಿಂದ 1.030ರ ನಡುವೆ ಇರುತ್ತದೆ. ಇದು ಮೂತ್ರ ಎಷ್ಟು ಗಟ್ಟಿ ಎಂಬುದರ ಅಳತೆ. ಬಹಳ ಜನ ಇದನ್ನು ನೋಡುವುದೇ ಇಲ್ಲ, ಆದರೆ ಉಳಿದ ಸಾಲುಗಳ ಬೆಲೆ ನಿಂತಿರುವುದು ಇದರ ಮೇಲೆ. 1.005 ಇದ್ದಾಗ ಪ್ರೋಟೀನ್ ‘ನಿಲ್’ ಬಂದರೆ ಅದನ್ನು ಅಷ್ಟು ನಂಬಬೇಡಿ, ನೀರು ಬೆರೆತು ತೆಳುವಾಗಿದೆ. 1.030 ಇದ್ದಾಗ ‘ಟ್ರೇಸ್’ ಬಂದರೆ ಅಷ್ಟು ಹೆದರಲೂ ಬೇಡಿ.

ಪ್ರೋಟೀನ್ ನೋಡಲು ಮೂತ್ರದಲ್ಲಿ ಅದ್ದುವ ಪರೀಕ್ಷಾ ಪಟ್ಟಿ ಹಿಡಿಯುವುದು ಮುಖ್ಯವಾಗಿ ಅಲ್ಬುಮಿನ್ ಅನ್ನು. 1+ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿ.ಗ್ರಾಂ, 3+ ಅಂದರೆ ಸುಮಾರು 300. ಮೈಲೋಮಾದಂಥ ರಕ್ತದ ಕ್ಯಾನ್ಸರಿನಲ್ಲಿ ಸೋರುವ ಬೇರೆ ಜಾತಿಯ ಪ್ರೋಟೀನ್ ಈ ಪಟ್ಟಿಗೆ ಕಾಣುವುದಿಲ್ಲ. ಗರ್ಭಿಣಿಯರಲ್ಲಿ 20 ವಾರದ ನಂತರ ಪ್ರೋಟೀನ್ ಕಂಡು ಜೊತೆಗೆ ಬಿಪಿಯೂ ಏರಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು.

ಸಕ್ಕರೆ: ರಕ್ತದಲ್ಲಿ ಸುಮಾರು 180 ದಾಟಿದ ಮೇಲೆ ಕೊಳವೆಗೆ ಎಲ್ಲವನ್ನೂ ವಾಪಸು ಎಳೆಯಲಾಗದೆ ಮೂತ್ರಕ್ಕೆ ಬರುತ್ತದೆ. ಆದರೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ರಕ್ತದ ಶುಗರ್ 110 ಇದ್ದರೂ ಮೂತ್ರದಲ್ಲಿ 3+, 4+ ಬರುತ್ತದೆ. ಆ ಮಾತ್ರೆಯ ಕೆಲಸವೇ ಅದು, ವಾಪಸಾಗುವ ಸಕ್ಕರೆಯನ್ನು ತಡೆದು ಹೊರಗೆ ಕಳಿಸುವುದು. ಈ ಸಾಲು ನೋಡಿ ಶುಗರ್ ಮಾತ್ರೆ ಹೆಚ್ಚಿಸಿಕೊಳ್ಳುವವರಿದ್ದಾರೆ, ಹಾಗೆ ಮಾಡಬಾರದು.

ಕೀವು ಕಣ, ಅಂದರೆ ‘ಪಸ್ ಸೆಲ್ಸ್’, ಸೂಕ್ಷ್ಮದರ್ಶಕದ ಒಂದು ಕ್ಷೇತ್ರದಲ್ಲಿ 5ರ ತನಕ ಇರಬಹುದು. 8–10 ಕಂಡಾಗ ಪಕ್ಕದ ಸಾಲಿನ ಎಪಿಥೀಲಿಯಲ್ ಕಣಗಳನ್ನು ನೋಡಿ. ಅವೂ ಹೇರಳವಾಗಿದ್ದರೆ ಚರ್ಮದ ಕಣಗಳು ಡಬ್ಬಿಗೆ ಬಿದ್ದಿವೆ, ಮಾದರಿ ಮತ್ತೆ ಕೊಡಿ. ಉರಿಮೂತ್ರ, ಪದೇ ಪದೇ ಅವಸರ, ಜ್ವರ ಯಾವುದೂ ಇಲ್ಲದವರಿಗೆ ಬರೀ ಕೀವು ಕಣ ನೋಡಿ ಆಂಟಿಬಯಾಟಿಕ್ ಕೊಡುವ ರೂಢಿ ಒಳ್ಳೆಯದಲ್ಲ. ಗರ್ಭಿಣಿಯರ ವಿಷಯ ಬೇರೆ, ಅವರಿಗೆ ಲಕ್ಷಣವಿಲ್ಲದಿದ್ದರೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಚಿಕಿತ್ಸೆ ಬೇಕು. ಕೀವು ಕಣ ಹೆಚ್ಚೇ ಇದ್ದು ಕಲ್ಚರ್ ಮತ್ತೆ ಮತ್ತೆ ಖಾಲಿ ಬರುತ್ತಿದ್ದರೆ ನಮ್ಮ ದೇಶದಲ್ಲಿ ಮೂತ್ರಾಂಗದ ಕ್ಷಯವನ್ನು ಮರೆಯಬಾರದು.

ನೈಟ್ರೈಟ್ ಪಾಸಿಟಿವ್ ಬಂದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ನೆಗೆಟಿವ್ ಬಂದರೆ ಇಲ್ಲ ಎಂದಲ್ಲ. ನೈಟ್ರೈಟ್ ಹುಟ್ಟಲು ಮೂತ್ರ ಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು, ಉರಿಮೂತ್ರದವರಿಗೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ರಕ್ತದ ಸಾಲಿನಲ್ಲಿ ಎರಡು ಜಾಗ ನೋಡಬೇಕು. ಪಟ್ಟಿ ‘ಬ್ಲಡ್ ಪಾಸಿಟಿವ್’ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ‘ನಿಲ್’. ಹಾಗಿದ್ದರೆ ಮೂತ್ರದಲ್ಲಿರುವುದು ಇಡೀ ಕಣವಲ್ಲ, ಒಡೆದ ಕಣದ ಹಿಮೋಗ್ಲೋಬಿನ್ ಅಥವಾ ಜಜ್ಜಿದ ಸ್ನಾಯುವಿನ ಮಯೋಗ್ಲೋಬಿನ್ ಇರಬಹುದು. ಇವೆರಡೂ ವಸ್ತು ಕಿಡ್ನಿಗೆ ಕೇಡು ಮಾಡುತ್ತವೆ. ವಿಟಮಿನ್ ಸಿ ಮಾತ್ರೆ ಹೆಚ್ಚು ತಿಂದವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ರಕ್ತ ಇದ್ದರೂ ಪಟ್ಟಿ ಸುಮ್ಮನಿರಬಹುದು. ಮಗುವಿಗೆ ಗಂಟಲುನೋವು ಬಂದು ಒಂದೆರಡು ವಾರದ ಮೇಲೆ, ಅಥವಾ ಕಜ್ಜಿ ಕೀವಾಗಿ ಮೂರ್ನಾಲ್ಕು ವಾರದ ಮೇಲೆ, ಮುಖ ಊದಿ ಮೂತ್ರ ಕಪ್ಪು ಚಹಾದಂತೆ ಬಂದರೆ ಅದು ಗೊಂಚಲಿನ ಉರಿಯೂತ. ರಿಪೋರ್ಟಿನಲ್ಲಿ ‘ಆರ್‌ಬಿಸಿ ಕಾಸ್ಟ್’ (ಕೊಳವೆಯ ಆಕಾರದಲ್ಲಿ ಅಚ್ಚಾದ ಕೆಂಪು ಕಣಗಳು) ಎಂಬ ಪದ ಇದ್ದರೆ ಅದು ಇನ್ನೂ ಖಚಿತ. ಇನ್ನು ವಯಸ್ಸಾದವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ನೋವಿಲ್ಲದೆ ಒಂದೇ ಸಲ ಕೆಂಪು ಮೂತ್ರ ಬಂದು ತಾನಾಗಿ ನಿಂತಿತು ಎಂದು ಸುಮ್ಮನಾಗುವಂತಿಲ್ಲ. ಮೂತ್ರಕೋಶದ ಗೆಡ್ಡೆ ಹೀಗೆಯೇ ಬಂದು ಹೋಗುತ್ತದೆ.

ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಒಂದೆರಡು ಕಂಡರೆ ಕಲ್ಲು ಇದೆ ಎಂದಲ್ಲ. ಮೂತ್ರ ತಣ್ಣಗಾದರೂ ಹರಳು ಕಟ್ಟುತ್ತದೆ.

ಎಸಿಆರ್: ಭಾಗಿಸಿ ನೋಡಿದರೇ ಸತ್ಯ

ಕೆಲವು ಲ್ಯಾಬುಗಳು ‘ಮೈಕ್ರೋಅಲ್ಬುಮಿನ್’ ಎಂದು ಲೀಟರಿಗೆ ಇಷ್ಟು ಮಿ.ಗ್ರಾಂ ಎಂಬ ಒಂಟಿ ಅಂಕಿ ಕೊಡುತ್ತವೆ. ಅದು ಸಾಲದು. ಒಬ್ಬರೇ ವ್ಯಕ್ತಿಯ ಎರಡು ಮಾದರಿ ನೋಡಿ. ಮೂರು ಲೋಟ ನೀರು ಕುಡಿದು ಕೊಟ್ಟಾಗ ಅಲ್ಬುಮಿನ್ ಲೀಟರಿಗೆ 16 ಮಿ.ಗ್ರಾಂ, ಮೂತ್ರದ ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿ.ಗ್ರಾಂ. ಬೆಳಗಿನ ಗಟ್ಟಿ ಮೂತ್ರದಲ್ಲಿ ಅಲ್ಬುಮಿನ್ 96, ಕ್ರಿಯಾಟಿನಿನ್ 120. ಮೊದಲನೆಯ 16 ‘ನಾರ್ಮಲ್’ ಎಂದು ಬರುತ್ತದೆ, 96 ‘ಹೈ’ ಎಂದು ಬರುತ್ತದೆ. ಡೆಸಿಲೀಟರಿನ 20 ಮಿ.ಗ್ರಾಂ ಎಂದರೆ ಲೀಟರಿಗೆ 0.2 ಗ್ರಾಂ, 16 ಅನ್ನು 0.2ರಿಂದ ಭಾಗಿಸಿದರೆ 80. 96 ಅನ್ನು 1.2ರಿಂದ ಭಾಗಿಸಿದರೂ 80. ಸೋರಿಕೆ ಎರಡು ಸಲವೂ ಅಷ್ಟೇ ಇತ್ತು, ನೀರು ಮಾತ್ರ ಮರೆಮಾಡಿತ್ತು.

ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿ.ಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಮಧ್ಯಮ ಸೋರಿಕೆ. 300 ದಾಟಿದರೆ ಜೋರು. ಮೊದಲ ಸಲ 30 ದಾಟಿತೆಂದು ತೀರ್ಮಾನ ಮಾಡಬಾರದು, ಮೂರರಿಂದ ಆರು ತಿಂಗಳೊಳಗೆ ಮಾಡಿದ ಮೂರು ಪರೀಕ್ಷೆಯಲ್ಲಿ ಎರಡರಲ್ಲಾದರೂ ಹೆಚ್ಚಿರಬೇಕು. ಕ್ರಿಯಾಟಿನಿನ್ ಇನ್ನೂ ಚೆನ್ನಾಗಿರುವ ಈ ಹಂತದಲ್ಲೇ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆಗಳು, ಮೇಲೆ ಹೇಳಿದ ಗ್ಲಿಫ್ಲೋಜಿನ್‌ಗಳು, ಬಿಪಿ-ಶುಗರ್ ಹತೋಟಿ ಇವೆಲ್ಲ ಹೆಚ್ಚು ಫಲ ಕೊಡುವುದು. ಮನೆಯಲ್ಲಿ ಗಮನಿಸುವುದಾದರೆ, ಕಮೋಡಿನಲ್ಲಿ ಎದ್ದ ನೊರೆ ಕೆಲವು ನಿಮಿಷವಾದರೂ ಆರದೆ ನಿಲ್ಲುತ್ತಿದ್ದರೆ ಎಸಿಆರ್ ಮಾಡಿಸಿ.

ಕ್ರಿಯಾಟಿನಿನ್, ಇ-ಜಿಎಫ್‌ಆರ್, ಯೂರಿಯಾ

ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ಕಸ. ಮೈಕಟ್ಟಿನವರಲ್ಲಿ ಹೆಚ್ಚು ಹುಟ್ಟುತ್ತದೆ, ಸೊರಗಿದ ಅಜ್ಜಿಯರಲ್ಲಿ ಕಡಿಮೆ. ಸೋಸುವಿಕೆ ಅರ್ಧಕ್ಕೆ ಇಳಿದರೆ ರಕ್ತದಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 0.6 ಇದ್ದವರಿಗೆ 1.2 ಆದರೆ ಅರ್ಧ ಕಿಡ್ನಿ ಹೋಯಿತು, ಲ್ಯಾಬಿನ ಮಿತಿ ಮಾತ್ರ ದಾಟಿಲ್ಲ. ಅದೇ 5ರಿಂದ 5.6ಕ್ಕೆ ಏರಿದಾಗ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ, ನಿಜದಲ್ಲಿ ಸೋಸುವಿಕೆಯಲ್ಲಿ ಆಗಿರುವ ವ್ಯತ್ಯಾಸ ಒಂದೆರಡು ಮಿ.ಲೀ. ಹಾಗಾಗಿ ಹಳೆಯ ರಿಪೋರ್ಟುಗಳನ್ನು ಬಿಸಾಡಬೇಡಿ. ನಿಮ್ಮ ಇಂದಿನ ಅಂಕಿಯನ್ನು ಹೋಲಿಸಬೇಕಾದದ್ದು ನಿಮ್ಮದೇ ಐದು ವರ್ಷದ ಹಿಂದಿನ ಅಂಕಿಯ ಜೊತೆ.

ಕ್ರಿಯಾಟಿನಿನ್, ವಯಸ್ಸು, ಲಿಂಗ ಈ ಮೂರನ್ನು ಸೂತ್ರಕ್ಕೆ ಹಾಕಿದರೆ ಇ-ಜಿಎಫ್‌ಆರ್ ಸಿಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು ಸಿಕೆಡಿ-ಇಪಿಐ 2021ರ ಸೂತ್ರ, ಆರಂಭದಲ್ಲಿ ಕೊಟ್ಟ 83 ಮತ್ತು 50 ಅದರದ್ದೇ ಲೆಕ್ಕ. 90 ಮೇಲಿದ್ದರೆ ಮೊದಲ ದರ್ಜೆ, 60–89 ಎರಡನೆಯದು, 45–59 ಮೂರು-ಎ, 30–44 ಮೂರು-ಬಿ, 15–29 ನಾಲ್ಕು, 15ಕ್ಕಿಂತ ಕೆಳಗೆ ಐದು. ಮೊದಲೆರಡು ದರ್ಜೆಯಲ್ಲಿ ಮೂತ್ರದಲ್ಲಿ ಸೋರಿಕೆ, ಸ್ಕ್ಯಾನಿನಲ್ಲಿ ದೋಷ ಇಂಥ ಬೇರೆ ಗುರುತು ಇಲ್ಲದಿದ್ದರೆ ಅದು ರೋಗವೇ ಅಲ್ಲ. ದೀರ್ಘಕಾಲದ ಕಿಡ್ನಿ ರೋಗ ಎನ್ನಲು ಕೇಡು ಮೂರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿಯುತ್ತಾ ಹೋಗುತ್ತಿದ್ದರೆ ದರ್ಜೆ ಯಾವುದೇ ಇರಲಿ, ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ನೋಡಲಿ.

ಸೂತ್ರ ಸೋಲುವ ಜಾಗಗಳೂ ಇವೆ. ಗರ್ಭಿಣಿಯರಿಗೆ, 18ರ ಒಳಗಿನವರಿಗೆ, ಕ್ರಿಯಾಟಿನಿನ್ ದಿನದಿನಕ್ಕೂ ಏರಿಳಿಯುತ್ತಿರುವವರಿಗೆ ಇದು ಸಲ್ಲದು. ಜಿಮ್ಮಿನಲ್ಲಿ ಕ್ರಿಯಾಟಿನ್ ಪುಡಿ ಕುಡಿಯುವವರು, ಹಿಂದಿನ ರಾತ್ರಿ ಭರ್ಜರಿ ಬಾಡೂಟ ಮಾಡಿದವರು, ಟ್ರೈಮೆಥೋಪ್ರಿಮ್ ಇರುವ ಆಂಟಿಬಯಾಟಿಕ್ ತಿನ್ನುತ್ತಿರುವವರು ಕಿಡ್ನಿ ಸರಿಯಿದ್ದರೂ ಹೆಚ್ಚಿನ ಅಂಕಿ ತೋರಿಸುತ್ತಾರೆ. ಸ್ನಾಯು ಕರಗಿದವರಲ್ಲಿ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ಸಂಶಯ ಬಂದಾಗ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಇದೆ.

ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ಶುರುವಾದ 2ರಿಂದ 4 ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಬೇಕು. ಕ್ರಿಯಾಟಿನಿನ್ 30 ಶೇಕಡಾದೊಳಗೆ ಏರಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ‘ಮಾತ್ರೆಯಿಂದಲೇ ಕಿಡ್ನಿ ಹೋಗುತ್ತಿದೆ’ ಎಂದು ತಾವಾಗಿ ನಿಲ್ಲಿಸಿದವರು ಕಿಡ್ನಿ ಕಾಯುವ ಔಷಧವನ್ನೇ ಬಿಟ್ಟಂತಾಗುತ್ತದೆ.

ಯೂರಿಯಾ 40ರ ಒಳಗೆ, ಬಿಯುಎನ್ 20ರ ಒಳಗೆ ಇರಬೇಕು. ಇವೆರಡು ಒಂದೇ ವಸ್ತುವಿನ ಎರಡು ಲೆಕ್ಕ: ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಒಂದು ಲ್ಯಾಬಿನ ಬಿಯುಎನ್ 15ರ ಪಕ್ಕ ಇನ್ನೊಂದು ಲ್ಯಾಬಿನ ಯೂರಿಯಾ 32 ಇಟ್ಟು ‘ಎರಡರಷ್ಟಾಯಿತು’ ಎನ್ನಬೇಡಿ. ಗಲ್ಫ್‌ನ ಹಲವು ಆಸ್ಪತ್ರೆಗಳಲ್ಲಿ ಮತ್ತು ಬ್ರಿಟನ್‌ನಲ್ಲಿ ಕ್ರಿಯಾಟಿನಿನ್ ಮೈಕ್ರೋಮೋಲ್ ಲೆಕ್ಕದಲ್ಲಿ ಬರುತ್ತದೆ. ಅಲ್ಲಿಂದ ಮಗ ಕಳಿಸಿದ ರಿಪೋರ್ಟಿನಲ್ಲಿ 106 ಎಂದಿದ್ದರೆ 88.4ರಿಂದ ಭಾಗಿಸಿ, ಅದು ನಮ್ಮ 1.2.

24 ಗಂಟೆಯ ಮೂತ್ರ

ಪದೇ ಪದೇ ಕಲ್ಲು ಕಟ್ಟುವವರಿಗೆ ಇದನ್ನು ಹೆಚ್ಚಾಗಿ ಹೇಳುತ್ತಾರೆ. ಎಲ್ಲರೂ ತಪ್ಪುವುದು ಶುರುವಿನಲ್ಲೇ. ಬೆಳಿಗ್ಗೆ 7ಕ್ಕೆ ಎದ್ದು ಮಾಡಿದ ಮೊದಲ ಮೂತ್ರವನ್ನು ಚೆಲ್ಲಬೇಕು, ಅದು ನಿನ್ನೆಯದು. ಅಲ್ಲಿಂದ ಮುಂದೆ ಹನಿ ಬಿಡದೆ ಕ್ಯಾನಿಗೆ ಹಾಕಿ, ಮರುದಿನ 7ರ ಮೊದಲ ಮೂತ್ರವನ್ನೂ ಸೇರಿಸಿ ಮುಗಿಸಬೇಕು. ಮಲವಿಸರ್ಜನೆಗೆ ಕೂರುವ ಮೊದಲು ಮೂತ್ರ ಹಿಡಿದುಕೊಳ್ಳಿ. ಕ್ಯಾನಿನಲ್ಲಿ ಆಮ್ಲ ಹಾಕಿ ಕೊಟ್ಟಿದ್ದರೆ ನೇರ ಅದರೊಳಗೆ ಮಾಡಬೇಡಿ, ಸಿಡಿದರೆ ಚರ್ಮ ಸುಡುತ್ತದೆ. ಪ್ಲಾಸ್ಟಿಕ್ ಮಗ್ಗಿನಲ್ಲಿ ಹಿಡಿದು ಸುರಿಯಿರಿ. ಒಂದು ಸಲ ತಪ್ಪಿ ಹೊರಗೆ ಹೋದರೆ ಲ್ಯಾಬಿಗೆ ಹೇಳಿ ಬೇರೆ ದಿನ ಹೊಸದಾಗಿ ಶುರು ಮಾಡಿ.

ಸರಿಯಾಗಿ ಹಿಡಿದಿದ್ದೀರಾ ಎಂಬುದು ಒಟ್ಟು ಕ್ರಿಯಾಟಿನಿನ್‌ನಿಂದ ಗೊತ್ತಾಗುತ್ತದೆ. ಗಂಡಸರಲ್ಲಿ ದಿನಕ್ಕೆ ಕಿಲೋಗೆ 15–25 ಮಿ.ಗ್ರಾಂ, ಹೆಂಗಸರಲ್ಲಿ 10–20 ಬರಬೇಕು. 60 ಕಿಲೋ ತೂಕದ ಗಂಡಸಿನ ಕ್ಯಾನಿನಲ್ಲಿ 600 ಮಿ.ಗ್ರಾಂ ಮಾತ್ರ ಇದ್ದರೆ ಅರ್ಧ ದಿನದ ಮೂತ್ರ ಎಲ್ಲೋ ಹೋಗಿದೆ.

ಕಲ್ಲಿನವರ ಗುರಿ ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಬರುವಂತೆ ಕುಡಿಯುವುದು. ಕುಡಿದ ನೀರಿನ ಲೆಕ್ಕವಲ್ಲ, ಹೊರಬಂದ ಮೂತ್ರದ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ದುಡಿಯುವವರಿಗೆ 3 ಲೀಟರ್ ಕುಡಿದರೂ ಬೆವರಲ್ಲೇ ಹೋಗಿ ಈ ಗುರಿ ಮುಟ್ಟದಿರಬಹುದು. ಉಪ್ಪು ಕಡಿಮೆ ಮಾಡಿ. ಹಾಲು ಮೊಸರು ಬಿಡಬೇಡಿ, ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಹೃದಯ ಅಥವಾ ಕಿಡ್ನಿ ಸೋತು ಕಾಲು ಊದಿದವರಿಗೆ ಈ ನೀರಿನ ಲೆಕ್ಕ ಅನ್ವಯಿಸುವುದಿಲ್ಲ.

ಸ್ಕ್ಯಾನಿಂಗ್ ಮತ್ತು ಕೆಳಗಿನ ಕೊಳವೆಗಳು

ಕಿಡ್ನಿಯಿಂದ ಹೊರಟ ಮೂತ್ರನಾಳ 25–30 ಸೆಂ.ಮೀ. ಉದ್ದ. ಮೂತ್ರ ಅದರಲ್ಲಿ ಸುಮ್ಮನೆ ಜಾರಿ ಬೀಳುವುದಿಲ್ಲ, ನಾಳ ಅಲೆಯಲೆಯಾಗಿ ಹಿಂಡುತ್ತಾ ಕೆಳಗೆ ತಳ್ಳುತ್ತದೆ. ಕಲ್ಲು ಸಿಕ್ಕಿಕೊಂಡಾಗ ನೋವು ಬಿಟ್ಟು ಬಿಟ್ಟು ಹಿಂಡುವುದು ಅದಕ್ಕೇ. ಸಿಕ್ಕಿಕೊಳ್ಳುವ ಜಾಗ ಮೂರು: ಕಿಡ್ನಿಯ ಬಾಯಿ, ಸೊಂಟದ ದೊಡ್ಡ ರಕ್ತನಾಳ ದಾಟುವಲ್ಲಿ, ಮೂತ್ರಕೋಶದ ಗೋಡೆ ಹೊಗುವಲ್ಲಿ. 5 ಮಿ.ಮೀ. ಒಳಗಿನವು ಬಹುಪಾಲು ತಾವಾಗಿ ಹೊರಬರುತ್ತವೆ.

ಸ್ಕ್ಯಾನಿಗೆ ಒಂದು ಗಂಟೆ ಮುಂಚೆ ಮೂರ್ನಾಲ್ಕು ಲೋಟ ನೀರು ಕುಡಿದು ತಡೆದುಕೊಳ್ಳಿ. ತೀರಾ ಉಬ್ಬರವಾದರೆ ಕಿಡ್ನಿಯೊಳಗೂ ಸ್ವಲ್ಪ ಹಿಗ್ಗು ಕಂಡು ‘ಮೈಲ್ಡ್ ಹೈಡ್ರೊನೆಫ್ರೋಸಿಸ್’ ಎಂದು ಬರೆಯಬಹುದು. ಮೂತ್ರ ಮಾಡಿ ಬಂದ ಮೇಲೆ ಮತ್ತೆ ನೋಡಿಸಿ. ‘ಸಿಂಪಲ್ ಸಿಸ್ಟ್’ (ನೀರು ತುಂಬಿದ ಗುಳ್ಳೆ) ಒಂದಿದ್ದರೆ ಮರೆತುಬಿಡಿ. ಕಿಡ್ನಿ 8 ಸೆಂ.ಮೀ.ಗೆ ಕುಗ್ಗಿದ್ದರೆ ಕೇಡು ಹಳೆಯದು. ಆದರೆ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ಸೋತಿದ್ದರೂ ಗಾತ್ರ ಸರಿಯಾಗೇ ಕಾಣಬಹುದು.

ಮೂತ್ರಕೋಶಕ್ಕೆ 150–200 ಮಿ.ಲೀ. ತುಂಬಿದಾಗ ಮೊದಲ ಸೂಚನೆ, 400–500ಕ್ಕೆ ಅವಸರ. ಮೂತ್ರ ಮಾಡಿದ ಮೇಲೆ ಉಳಿದದ್ದನ್ನು ರಿಪೋರ್ಟಿನಲ್ಲಿ ‘ಪಿವಿಆರ್’ ಎಂದು ಬರೆದಿರುತ್ತಾರೆ. 50 ಮಿ.ಲೀ. ಒಳಗಿದ್ದರೆ ಸರಿ. ಪ್ರಾಸ್ಟೇಟ್ ಬೆಳೆದ ಗಂಡಸರಲ್ಲಿ 200, 300 ಉಳಿಯುತ್ತಿದ್ದರೆ ಹಿಂದಕ್ಕೆ ಒತ್ತಡ ಏರಿ ಎರಡೂ ಕಿಡ್ನಿ ಹಾಳಾಗಬಹುದು. ಹೆಂಗಸರ ಮೂತ್ರದ್ವಾರದ ನಾಳ ಕೇವಲ 4 ಸೆಂ.ಮೀ., ಗಂಡಸರದು 18–20. ಬ್ಯಾಕ್ಟೀರಿಯಾ ನಡೆಯಬೇಕಾದ ದಾರಿ ಅಷ್ಟು ಕಿರಿದು. ಶೌಚಾಲಯ ಸರಿಯಿಲ್ಲವೆಂದು ಶಾಲೆ, ಗಾರ್ಮೆಂಟ್ಸ್, ಬಸ್ ಪ್ರಯಾಣದಲ್ಲಿ ನೀರನ್ನೇ ಕುಡಿಯದೆ ಇರುವ ಹೆಣ್ಣುಮಕ್ಕಳಿಗೆ ಉರಿಮೂತ್ರ ಮರುಕಳಿಸುವುದು ಅವರ ತಪ್ಪಿನಿಂದಲ್ಲ.

ಕಿಡ್ನಿಗೆ ಹೊಡೆತ ಕೊಡುವ ಜೋಡಿಗಳು

ಆ ಎರಡು ನಾಳಗಳ ವಿಷಯ ಈಗ. ಮೈಯಲ್ಲಿ ನೀರು ಕಡಿಮೆಯಾದಾಗ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಒಳಬರುವ ನಾಳವನ್ನು ಹಿಗ್ಗಿಸುತ್ತದೆ, ಆಂಜಿಯೋಟೆನ್ಸಿನ್ ಹೊರಹೋಗುವ ನಾಳವನ್ನು ಬಿಗಿಯುತ್ತದೆ. ಹೀಗೆ ಸೋಸುವ ಒತ್ತಡ ಉಳಿಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಮೊದಲನೆಯದನ್ನು ತಡೆಯುತ್ತವೆ. ಟೆಲ್ಮಿಸಾರ್ಟನ್ ಜಾತಿ ಎರಡನೆಯದನ್ನು ತಡೆಯುತ್ತದೆ. ನೀರಿಳಿಸುವ ಮಾತ್ರೆ ರಕ್ತದ ಪ್ರಮಾಣವನ್ನೇ ತಗ್ಗಿಸುತ್ತದೆ. ಒಂದೊಂದಾಗಿ ಕಿಡ್ನಿ ತಾಳಿಕೊಳ್ಳುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್ ಜಾತಿ ಮತ್ತು ನೀರಿಳಿಸುವ ಔಷಧ ಎರಡೂ ಸೇರಿದ ಮಾತ್ರೆ ತಿನ್ನುವವರು ಎರಡು ದಿನ ವಾಂತಿಭೇದಿಯಾಗಿ ಮಲಗಿದ್ದಾಗ, ಮೈಕೈ ನೋವೆಂದು ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿದರೆ ಮೂರೂ ಒಟ್ಟಿಗೆ ಬೀಳುತ್ತವೆ. ಅಂಥ ದಿನಗಳಲ್ಲಿ ಯಾವ ಮಾತ್ರೆ ಎರಡು ದಿನ ಬಿಡಬೇಕು ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಜ್ವರ ನೋವಿಗೆ ಪ್ಯಾರಸಿಟಮಾಲ್ ಸಾಕು.

ಕರಾವಳಿಯವರಿಗೆ ಇನ್ನೊಂದು ಮಾತು. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿದು ಆಕ್ಸಲೇಟ್ ಕಟ್ಟಿಕೊಂಡು ಕಿಡ್ನಿ ನಿಂತವರ ವರದಿಗಳು ಕೇರಳದಿಂದ ಬಂದಿವೆ. ಸಾರಿಗೆ ಎರಡು ಕಾಯಿ ಹಾಕುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಈಗಾಗಲೇ ಕಿಡ್ನಿ ಸೋತವರು ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನು ಮುಟ್ಟಲೇಬಾರದು, ಬಿಕ್ಕಳಿಕೆ ಶುರುವಾಗಿ ಫಿಟ್ಸ್ ತನಕ ಹೋಗಬಹುದು. ಪೊಟ್ಯಾಸಿಯಂ ಹೆಚ್ಚಿರುವವರಿಗೆ ಎಳನೀರೂ ಅಪಾಯ.

ಕಾಯಬಾರದ ಹೊತ್ತು

ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಅದು ರಾತ್ರಿಯೇ ಆಸ್ಪತ್ರೆಗೆ ಹೋಗುವ ವಿಷಯ. ಕಟ್ಟಿಕೊಂಡ ಮೂತ್ರ ಕೀವಾಗುತ್ತಿದೆ, ಮೊದಲು ಅದನ್ನು ಹೊರಬಿಡಬೇಕು, ಕಲ್ಲು ತೆಗೆಯುವುದು ಆಮೇಲೆ. ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತಿದ್ದು ಮೂತ್ರ ಬಾರದಿದ್ದರೆ ಕ್ಯಾತಿಟರ್ ಬೇಕು. ಉಬ್ಬರವೂ ಇಲ್ಲ, ಹನ್ನೆರಡು ಗಂಟೆಯಿಂದ ಮೂತ್ರವೂ ಇಲ್ಲ ಎಂದರೆ ಕಿಡ್ನಿ ಮೂತ್ರವನ್ನೇ ತಯಾರಿಸುತ್ತಿಲ್ಲದಿರಬಹುದು. ದೊಡ್ಡವರಲ್ಲಿ ದಿನಕ್ಕೆ 400 ಮಿ.ಲೀ.ಗಿಂತ ಕಡಿಮೆ ಬಂದರೆ ಅದು ಕಡಿಮೆಯೇ.

ಗದ್ದೆ ಕೆಲಸದವರಲ್ಲಿ ಎರಡು ಕಾರಣ ನೆನಪಿರಲಿ. ಕೊಳಕು ಮಂಡಲ ಕಚ್ಚಿದವರಲ್ಲಿ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸಿ ಕಿಡ್ನಿಗೂ ಹೊಡೆಯುತ್ತದೆ. ಆಸ್ಪತ್ರೆಯಲ್ಲಿ ಒಣಗಿದ ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ, ಹೆಪ್ಪುಗಟ್ಟದಿದ್ದರೆ ಎಎಸ್‌ವಿ, ಅಂದರೆ ಹಾವಿನ ವಿಷದ ಮದ್ದು ಕೊಡುತ್ತಾರೆ. ನಾಟಿ ಔಷಧಕ್ಕೆಂದು ಕಳೆದ ಗಂಟೆಗಳು ಆಮೇಲೆ ಡಯಾಲಿಸಿಸ್‌ನಲ್ಲಿ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ಇಲಿಜ್ವರ. ಮಳೆಗಾಲದಲ್ಲಿ ನಿಂತ ನೀರಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು, ಕಾಮಾಲೆ ಬಂದಿದ್ದರೆ ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ಕಿಡ್ನಿ ಸರಿಯಿದೆ ಎನ್ನಬೇಡಿ. ಈ ಜ್ವರದಲ್ಲಿ ಮೂತ್ರ ಕಡಿಮೆಯಾಗದೆಯೂ ಕ್ರಿಯಾಟಿನಿನ್ ಏರುತ್ತದೆ, ಪೊಟ್ಯಾಸಿಯಂ ಇಳಿದಿರುತ್ತದೆ. ಬಂದ ದಿನವೇ ಎರಡನ್ನೂ ನೋಡಿಸಿ, ಜ್ವರ ಬಿಡುವ ತನಕ ದಿನ ಬಿಟ್ಟು ದಿನವಾದರೂ ಮತ್ತೆ ಮಾಡಿಸಿ.